ಊರು ಎದ್ದು ನಿಲ್ಲುವಾಗ ಮೈ ಏಳದಿದ್ದರೆ

2018ರ ಆಗಸ್ಟ್‌ ನಡುವೆ ಮಡಿಕೇರಿ ಸುತ್ತಮುತ್ತ ಬರೆ ಕುಸಿದಾಗ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಕಡೆಯ ಜನ ಉಟ್ಟ ಬಟ್ಟೆಯಲ್ಲೇ ಪರಿಹಾರ ಶಿಬಿರಗಳಿಗೆ ಬಂದು ಸೇರಿದರು. ನಾನೂ ಅವರಲ್ಲೊಬ್ಬಳು. ಎರಡು ವರ್ಷದ ಹಿಂದಿನ ಜ್ವರವೊಂದು ಬಿಟ್ಟುಹೋದ ದಣಿವು ಆಗಲೇ ನನ್ನ ಜೊತೆಗಿತ್ತು. ಮಳೆ ಹೊಳವಾದ ಮೇಲೆ ಎಲ್ಲರ ಜೊತೆ ಮನೆಗೆ ಹೋಗಿ ಒಂದಿಡೀ ದಿನ ಕೆಸರು ಬಳಿದೆ. ಅಂದು ಏನೂ ಆಗಲಿಲ್ಲ. ಮೂರನೇ ದಿನ ಬೆಳಿಗ್ಗೆ ತಲೆ ಎತ್ತಲಾಗಲಿಲ್ಲ. ಮುಂದಿನ ಹತ್ತು ದಿನ ಶಿಬಿರದ ಚಾಪೆಯ ಮೇಲೇ ಕಳೆದವು. ಆಗ ಯಾರಾದರೂ ನನಗೆ ಹೇಳಬೇಕಿತ್ತು ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಇದು ಯಾವ ದಣಿವು?

ನೆರೆ, ಭೂಕುಸಿತದ ನಂತರ ದಣಿಯದವರು ಯಾರೂ ಇಲ್ಲ. ಎರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಆ ದಣಿವು ಇಳಿಯುತ್ತದೆ. ದೀರ್ಘಕಾಲದ ಆಯಾಸದ ಕಾಯಿಲೆ ಬೇರೆ. ಆರು ತಿಂಗಳು ದಾಟಿದ ದಣಿವು, ಮಲಗಿ ಎದ್ದರೂ ಮಲಗಿಲ್ಲವೆಂಬಂಥ ಮೈ, ಮಂಕಾದ ತಲೆ, ನಿಂತರೆ ಕಣ್ಣು ಕತ್ತಲೆ. ಎಲ್ಲಕ್ಕಿಂತ ಮುಖ್ಯವಾದ ಗುರುತು ಇದು: ಸಣ್ಣ ಶ್ರಮಕ್ಕೂ ಒಂದೆರಡು ದಿನ ತಡವಾಗಿ ಮೈ ಕುಸಿಯುತ್ತದೆ, ಆ ಕುಸಿತ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತದೆ. ಕೆಸರು ಬಳಿದ ದಿನ ಗಟ್ಟಿಯಾಗಿದ್ದೆ ಎನ್ನುವುದು ಆದ್ದರಿಂದ ಲೆಕ್ಕಕ್ಕೆ ಬಾರದು.

ಆದರೆ ಇದೇ ಕಾಯಿಲೆ ಎಂದು ನೀವೇ ತೀರ್ಮಾನಿಸಬೇಡಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ12 ಕೊರತೆ, ಕ್ಷಯ, ಇವೆಲ್ಲವೂ ಹೀಗೇ ಸುಸ್ತು ಮಾಡುತ್ತವೆ. ಇವುಗಳಿಗೆ ಚಿಕಿತ್ಸೆ ಇದೆ, ಪರೀಕ್ಷೆ ಮಾಡಿಸಿ. ಇನ್ನೊಂದು ಎಚ್ಚರಿಕೆ: ಕೆಸರು ನೀರಿನಲ್ಲಿ ಓಡಾಡಿದ ಮೇಲೆ ಹೊಸದಾಗಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಾಣಿಸಿಕೊಂಡರೆ 'ನನ್ನ ಹಳೇ ಸುಸ್ತು' ಎಂದು ಮಲಗಬೇಡಿ. ಇಲಿ ಜ್ವರವಿರಬಹುದು. ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಎರಡನೆಯದು: ಹಂಡೆಯ ಲೆಕ್ಕ

ನನಗೆ ಇದು ಅರ್ಥವಾದದ್ದು ಬಚ್ಚಲಿನ ಹಂಡೆಯಿಂದ. ಬೇರೆಯವರ ಹಂಡೆ ರಾತ್ರಿ ಕಳೆಯುವುದರೊಳಗೆ ತುಂಬುತ್ತದೆ. ನಮ್ಮದರಲ್ಲಿ ಬೆಳಿಗ್ಗೆಯೂ ನಾಲ್ಕೇ ಚೊಂಬು. ತಳ ಕಾಣುವವರೆಗೆ ತೋಡಿದರೆ ಮರುದಿನ ಆ ನಾಲ್ಕೂ ಇರುವುದಿಲ್ಲ.

ಒಂದು ವಾರ ಚಿಕ್ಕ ಪುಸ್ತಕದಲ್ಲಿ ಬರೆದಿಡಿ: ಏನು ಮಾಡಿದೆ, ಎಷ್ಟು ಹೊತ್ತು, ಮರುದಿನ ಮತ್ತು ಅದರ ಮರುದಿನ ಹೇಗಿದ್ದೆ. ನಿಮ್ಮ ಮಿತಿಯನ್ನು ಒಳ್ಳೆಯ ದಿನದಿಂದ ಅಳೆಯಬೇಡಿ, ಕೆಟ್ಟ ದಿನದಿಂದ ಅಳೆಯಿರಿ. ಮಾಡಬಲ್ಲೆ ಅನ್ನಿಸಿದ್ದರ ಅರ್ಧಕ್ಕೆ ನಿಲ್ಲಿಸಿ. ನಾನು ಫೋನಿನಲ್ಲಿ ಹದಿನೈದು ನಿಮಿಷಕ್ಕೆ ಅಲಾರಂ ಇಟ್ಟು, ಅದು ಕೂಗಿದಾಗ ಕೈಯಲ್ಲಿದ್ದ ಪಾತ್ರೆಯನ್ನು ಹಾಗೇ ಬಿಟ್ಟು ಮಲಗುತ್ತಿದ್ದೆ. ಸುಸ್ತಾದ ಮೇಲೆ ಮಲಗುವುದಲ್ಲ, ಆಗುವ ಮುಂಚೆ ಮಲಗುವುದು. ಮಾತು, ಅಳು, ಗದ್ದಲ, ಅರ್ಜಿ ತುಂಬುವುದು, ಇವೂ ಹಂಡೆಯಿಂದಲೇ ಖರ್ಚಾಗುತ್ತವೆ.

'ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ನಡಿ, ಸರಿಹೋಗುತ್ತೆ' ಎಂಬ ಸಲಹೆ ನಿಮಗೂ ಬರುತ್ತದೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ (NICE) ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ, ಈ ಕಾಯಿಲೆಯವರಿಗೆ ಹಂತಹಂತವಾಗಿ ನಿಗದಿಯಂತೆ ವ್ಯಾಯಾಮ ಏರಿಸುವ ಚಿಕಿತ್ಸೆ ಕೊಡಬಾರದೆಂದು ಹೇಳಿ, ಇದ್ದ ಶಕ್ತಿಯನ್ನು ಹಿಡಿತದಲ್ಲಿ ಖರ್ಚು ಮಾಡುವುದನ್ನೇ ಸೂಚಿಸಿತು. ನಿಮ್ಮ ವೈದ್ಯರ ಮುಂದೆ ಇದನ್ನು ಧೈರ್ಯವಾಗಿ ಪ್ರಸ್ತಾಪಿಸಿ.

ಶಿಬಿರದಲ್ಲಿ

ಗೋಡೆ ಬದಿಯ ಜಾಗ ಕೇಳಿ. ಶೌಚಾಲಯಕ್ಕೆ ದೂರ ನಡೆಯುವಂತಿರಬಾರದು, ಆದರೆ ಬಾಗಿಲು, ಧ್ವನಿವರ್ಧಕಗಳ ಪಕ್ಕವೂ ಬೇಡ. ಕಿವಿಗೆ ಹತ್ತಿ, ಕಣ್ಣಿಗೊಂದು ಬಟ್ಟೆ. ಊಟದ ಸಾಲಿನಲ್ಲಿ ನಿಲ್ಲಬೇಡಿ, ಸ್ಟೂಲಿನ ಮೇಲೆ ಕೂರಿ, ಇಲ್ಲವೇ ತಟ್ಟೆ ತರಲು ಒಬ್ಬರಿಗೆ ಹೇಳಿ. ಸ್ನಾನವನ್ನೂ ಕೂತೇ ಮಾಡಿ.

ಶಿಬಿರಕ್ಕೆ ಬರುವ ಅಧಿಕಾರಿಗಳು, ದಾನಿಗಳು, ಟಿವಿಯವರು ಎಲ್ಲರಿಗೂ ನಿಮ್ಮ ಕಥೆ ಬೇಕು. ಹೇಳಿದಷ್ಟು ಸಲವೂ ಒಂದು ಚೊಂಬು ಖಾಲಿ. ಹೆಸರು, ಊರು, ಕಾಯಿಲೆ, ಮಾತ್ರೆ, ಆದ ನಷ್ಟ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಕೇಳಿದವರ ಕೈಗೆ ಕೊಡಿ.

ಪರಿಹಾರದ ಕಾಗದ: ಓಡಾಟ ಕಡಿಮೆ ಮಾಡುವ ದಾರಿ

ಕೆಸರು ತೆಗೆಯುವ ಮೊದಲೇ ಮನೆಯ ಪ್ರತಿ ಕೋಣೆ, ತೋಟ, ಸತ್ತ ದನಕರುಗಳ ಫೋಟೊ ತೆಗೆಸಿ. ಎಷ್ಟೋ ಜನ ಚೊಕ್ಕಟ ಮಾಡಿದ ಮೇಲೆ ಪರದಾಡಿದ್ದನ್ನು ಕಂಡಿದ್ದೇನೆ. ಗ್ರಾಮ ಆಡಳಿತಾಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗರು) ಮಹಜರಿಗೆ ಬರುವ ದಿನ ಮೊದಲೇ ಕೇಳಿಕೊಳ್ಳಿ. ಅದರ ಹಿಂದಿನ ದಿನ ಪೂರ್ತಿ ವಿಶ್ರಾಂತಿ, ನಂತರದ ಎರಡು ದಿನವೂ ಏನೂ ಇಟ್ಟುಕೊಳ್ಳಬೇಡಿ. ಆಧಾರ್, ಪಡಿತರ ಚೀಟಿ, ಪಹಣಿ, ಬ್ಯಾಂಕ್ ಪಾಸ್‌ಪುಸ್ತಕಗಳ ಫೋಟೊ ನಂಬಿಕಸ್ಥರೊಬ್ಬರ ಫೋನಿನಲ್ಲೂ ಇರಲಿ. ತಾಲ್ಲೂಕು ಕಚೇರಿಗೆ ನೀವೇ ಹೋಗಬೇಕಿಲ್ಲದ ಕೆಲಸಕ್ಕೆ ಸಹಿ ಮಾಡಿದ ಪತ್ರ ಕೊಟ್ಟು ಮನೆಯವರನ್ನು ಕಳಿಸಿ. ಹೋಗಲೇಬೇಕಾದರೆ ವೈದ್ಯರ ಚೀಟಿ ಜೊತೆಗಿರಲಿ, ಕುರ್ಚಿ ಕೇಳಲು ಸಂಕೋಚ ಬೇಡ. ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ಪಡೆಯಿರಿ. ಅದಿಲ್ಲದಿದ್ದರೆ ಮತ್ತೆ ಅದೇ ಮೆಟ್ಟಿಲು ಹತ್ತಬೇಕು.

ಕೂತು ಮಾಡುವ ಕೆಲಸವೂ ಕೆಲಸವೇ

ಎಲ್ಲರೂ ಗುದ್ದಲಿ ಹಿಡಿದಾಗ ಮಲಗಿರುವ ಸಂಕಟ ಕಾಯಿಲೆಗಿಂತ ದೊಡ್ಡದು. ಆ ಸಂಕಟವೇ ಮತ್ತೆ ಎಬ್ಬಿಸಿ ಬೀಳಿಸುತ್ತದೆ. ನನ್ನನ್ನು ಉಳಿಸಿದ್ದು ಪಕ್ಕದ ತೋಟದ ಕೂಲಿಯವರ ಲೈನ್‌ಮನೆಯ ಹೆಂಗಸು. "ಅಕ್ಕಾ, ಹೊರೋದು ನಾವು ಹೊರ್ತೀವಿ. ಯಾರಿಗೆ ಯಾವ ಮಾತ್ರೆ ಬೇಕು, ನೀವು ಕೂತು ಬರೀರಿ" ಅಂದಳು. ಬಿ.ಪಿ., ಸಕ್ಕರೆ ಕಾಯಿಲೆಯವರ ಪಟ್ಟಿ, ಶಾಲೆ ಬಿಟ್ಟ ಮಕ್ಕಳ ಪಟ್ಟಿ, ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡುವುದು, ಒಂಟಿಯಾಗಿರುವ ಅಜ್ಜಿಗೆ ದಿನಕ್ಕೊಂದು ಫೋನ್. ದಿನಕ್ಕೆ ಎರಡು ಸಲ, ಹದಿನೈದು ನಿಮಿಷ. ಊರಿಗೆ ಇವು ನಿಜವಾಗಿ ಬೇಕಿದ್ದವು.

ಮನೆಯವರಿಗೆ ಹೇಳುವಾಗ 'ಆಗಲ್ಲ' ಎಂದಷ್ಟೇ ಹೇಳಬೇಡಿ. "ಇವತ್ತು ಬಟ್ಟೆ ಒಗೆದರೆ ನಾಳಿದ್ದು ಅಡುಗೆ ಆಗಲ್ಲ, ಯಾವುದು ಬೇಕು?" ಎಂದು ಕೇಳಿ. ಅತ್ತೆ, ಮಾವ, ಗಂಡ, ಯಾರಿಗೇ ಆದರೂ ಹೀಗೆ ಹೇಳಿದ್ದು ಬೇಗ ತಿಳಿಯುತ್ತದೆ. ಮನೆಯವರಲ್ಲೂ ಒಂದು ಬೇಡಿಕೆ. ಕಾಯಿಲೆಯವಳು ಎದ್ದು ಓಡಾಡಿದ ದಿನ 'ಇವತ್ತು ಚೆನ್ನಾಗಿದ್ದೀಯಲ್ಲ' ಎಂದು ಇನ್ನೊಂದು ಕೆಲಸ ಕೊಡಬೇಡಿ.

ಉದ್ದದ ದಾರಿ

ಸಹಾಯಕ್ಕೆ ಬಂದವರು ಕೆಲವು ವಾರಗಳಲ್ಲಿ ಹೊರಟುಹೋಗುತ್ತಾರೆ. ಊರು ಏಳುವುದಕ್ಕೆ ವರ್ಷಗಳು ಬೇಕು. ಜಂಬೂರು, ಮದೆನಾಡುಗಳಲ್ಲಿ ಸಂತ್ರಸ್ತರ ಕೈಗೆ ಪುನರ್ವಸತಿ ಮನೆಯ ಬೀಗದಕೈ ಬಂದದ್ದು 2020ರಲ್ಲಿ. ಇದೇ ವರ್ಷಗಳಲ್ಲಿ, 2019ರ ಆಗಸ್ಟ್‌ನಲ್ಲಿ ತೋರದಲ್ಲಿ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಜಾರಿತು. ಅಷ್ಟು ಉದ್ದದ ಕಾಲಕ್ಕೆ ಮೊದಲ ತಿಂಗಳಲ್ಲೇ ಹಂಡೆ ಬರಿದು ಮಾಡಿಕೊಂಡರೆ ಹೇಗೆ? ಮನಸ್ಸು ಕುಗ್ಗಿ, ಬದುಕು ಬೇಡವೆನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಮಳೆಗಾಲಕ್ಕೆ ಮೇ ತಿಂಗಳಲ್ಲೇ ತಯಾರಾಗಿ, ದಿನಕ್ಕೊಂದು ವಸ್ತುವಿನಂತೆ. ಒಂದು ತಿಂಗಳ ಮಾತ್ರೆ, ಪ್ಲಾಸ್ಟಿಕ್ ಕವರಿನಲ್ಲಿ ಕಾಗದಪತ್ರ, ಟಾರ್ಚು, ಮಡಚುವ ಸ್ಟೂಲು, ಒಣ ಬಟ್ಟೆ. ಚೀಲವನ್ನು ಬಾಗಿಲ ಹತ್ತಿರ ಇಡಿ. ಅದನ್ನು ಹೊರುವವರು ಯಾರು, ನಿಮ್ಮನ್ನು ಜೀಪಿಗೆ ಹತ್ತಿಸುವವರು ಯಾರು ಎಂದು ಪಕ್ಕದ ಮನೆಯವರ ಜೊತೆ ಈಗಲೇ ಮಾತಾಡಿ. ನಮ್ಮನೆಯ ಚೀಲಕ್ಕೆ ಆ ಲೈನ್‌ಮನೆಯ ಹುಡುಗನ ಹೆಸರು ಬರೆದಿದೆ.