ಬುಷ್ ಅಗ್ಗ, ಬಿಚ್ಚುವ ಕೂಲಿ ದುಬಾರಿ

ನನ್ನ ಪ್ರೀಮಿಯರ್ ಪದ್ಮಿನಿಯ ಹಿಂದಿನ ಲೀಫ್ ಸ್ಪ್ರಿಂಗ್ ಬುಷ್‌ಗಳಿಗೆ 15,750 ರೂಪಾಯಿ ಖರ್ಚು ಮಾಡಿದ್ದೇನೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ರಬ್ಬರ್ ಸೆಟ್ 1,400ಕ್ಕೆ ಸಿಗುತ್ತಿತ್ತು. ಅದನ್ನು ಬಿಟ್ಟು ಅಚ್ಚು ಮಾಡಿಸಿ, ಪಾಲಿಯುರೆಥೇನ್ ಎರಕ ಹೊಯ್ದು, ಮನೆಯಲ್ಲೇ ಬುಷ್ ಮಾಡಿಕೊಂಡೆ. ಹುಚ್ಚು ಖರ್ಚು ಎಂದವರೇ ಹೆಚ್ಚು. ಲೆಕ್ಕ ಹಾಗೆ ಹೇಳುವುದಿಲ್ಲ.

ಮುಂಬೈಯ ಕುರ್ಲಾದ ಕಾರ್ಖಾನೆ ಪದ್ಮಿನಿ ತಯಾರಿಕೆ ನಿಲ್ಲಿಸಿ ಎರಡು ದಶಕ ಕಳೆದಿದೆ. ಆಮೇಲೂ ಬಿಡಿಭಾಗಗಳಿಗೆ ಗಿರಾಕಿ ಇದ್ದದ್ದು ಅಲ್ಲಿನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಿಂದ. 2023ರ ಅಕ್ಟೋಬರ್‌ನಲ್ಲಿ ಅವೂ ರಸ್ತೆ ಬಿಟ್ಟವು. ಈಗ ನನಗೆ ಅಂಗಡಿಯಲ್ಲಿ ಕಾಣುವುದು ಹೆಸರಿಲ್ಲದ ಮಾಲೇ ಹೆಚ್ಚು. ಅಂಥ ಸೆಟ್ ನನ್ನ ಕಾರಿನಲ್ಲಿ ಎರಡು ವರ್ಷಕ್ಕೆ ಸೀಳಿ, ಪ್ರತಿ ಹಂಪಿನ ಮೇಲೆ ಟಕ್ ಟಕ್ ಸದ್ದು ಶುರುವಾಗುತ್ತಿತ್ತು.

ಬುಷ್ ಮಾಡಲು ಹಳೆಯದರ ಅಳತೆ ಹಿಡಿಯಬಾರದು, ಅದು ಸವೆದಿರುತ್ತದೆ. ಸ್ಪ್ರಿಂಗ್ ಕಣ್ಣಿನ ಒಳವ್ಯಾಸ, ಪಿನ್ನಿನ ಹೊರವ್ಯಾಸ ಎರಡನ್ನೂ ವರ್ನಿಯರ್‌ನಲ್ಲಿ ಹಿಡಿದು, ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಅಚ್ಚು ಮಾಡಿಸಿದೆ. ರಾಳದ ಗಡಸುತನ 80 ಶೋರ್ ಎ. ಎರಡು ಡಬ್ಬಿಗಳಲ್ಲಿ ಬರುವ ಅದನ್ನು ತೂಕ ಹಾಕಿಯೇ ಬೆರೆಸಬೇಕು, ಕಣ್ಣಳತೆ ನಡೆಯದು. ಗಾಳಿಯ ತೇವ ತಗುಲಿದರೆ ರಾಳದಲ್ಲಿರುವ ಐಸೊಸಯನೇಟ್ ನೀರಿನೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಬುಷ್ ಒಳಗೆ ಗುಳ್ಳೆ ಕೂರುತ್ತದೆ. ಗುಳ್ಳೆ ಇದ್ದ ಕಡೆಯೇ ಅದು ಹರಿಯುವುದು. ಐಸೊಸಯನೇಟ್‌ನ ಹಬೆ ಶ್ವಾಸಕೋಶಕ್ಕೂ ಕೇಡು. ಮಾಸ್ಕ್, ಕೈಗವಸು ಹಾಕಿಕೊಂಡು ಬಯಲಲ್ಲೇ ಮಾಡಬೇಕು. ಇದರಲ್ಲಿ ಉಳಿತಾಯ ಮಾಡಬೇಡಿ.

ಈಗ ಲೆಕ್ಕ. ಅಚ್ಚಿಗೆ 6,500. ಒಂದು ಕೆ.ಜಿ. ರಾಳಕ್ಕೆ 1,900. ರಿಲೀಸ್ ಸ್ಪ್ರೇ 450. ತೂಕದ ಯಂತ್ರ, ಮಾಸ್ಕ್, ಕೈಗವಸು ಸೇರಿ 1,100. ಉಕ್ಕಿನ ಒಳತೋಳುಗಳಿಗೆ 1,300. ಒಟ್ಟು 11,250. ಸ್ಪ್ರಿಂಗ್ ಇಳಿಸಿ, ಹಳೆಯದನ್ನು ಪ್ರೆಸ್‌ನಲ್ಲಿ ತಳ್ಳಿ, ಹೊಸದನ್ನು ಕೂರಿಸುವ ಕೂಲಿ 4,500. ಅಲ್ಲಿಗೆ 15,750.

ಅಂಗಡಿ ಸೆಟ್‌ನ ಲೆಕ್ಕವನ್ನೂ ಹೀಗೇ ಪೂರ್ತಿ ಹಾಕಬೇಕು. ಮಾಲು 1,400, ಕೂಲಿ ಅದೇ 4,500, ಒಟ್ಟು 5,900. ಎರಡು ವರ್ಷ ಬಾಳಿದರೆ ವರ್ಷಕ್ಕೆ 2,950. ಅಂದರೆ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಹಣ ಹೋಗುವುದು ಬಿಚ್ಚಿ ಜೋಡಿಸುವುದಕ್ಕೆ. ಬುಷ್ಷನ್ನು ತೂಗಬೇಕಾದ್ದು ಬೆಲೆಯಿಂದಲ್ಲ, ಒಮ್ಮೆ ಬಿಚ್ಚಿದರೆ ಮತ್ತೆ ಬಿಚ್ಚಲು ಎಷ್ಟು ವರ್ಷ ಎಂಬುದರಿಂದ. 15,750ನ್ನು 2,950ರಿಂದ ಭಾಗಿಸಿದರೆ 5.34. ನಾನು ಎರಕ ಹೊಯ್ದ ಬುಷ್ ಐದು ವರ್ಷ ನಾಲ್ಕು ತಿಂಗಳು ಬಾಳಿದರೆ ಬ್ರೇಕ್ ಈವನ್. ಮೂರು ವರ್ಷ ದಾಟಿದೆ, ಸದ್ದಿಲ್ಲ.

ಇದೇ ಕೆಲಸವನ್ನು ನಾಲ್ವರು ಸೇರಿ ಮಾಡಿದರೆ ಚಿತ್ರವೇ ಬೇರೆ. ಒಂದು ಸೆಟ್‌ಗೆ ಕಾಲು ಕೆ.ಜಿ. ರಾಳ ಸಾಕು. ಡಬ್ಬಿ ತೆರೆದ ಮೇಲೆ ಮಿಕ್ಕದ್ದು ತೇವ ಎಳೆದುಕೊಂಡು ಕೆಡುತ್ತದೆ, ಎತ್ತಿಡಲು ಬರುವುದಿಲ್ಲ. ಒಳತೋಳು ಬಿಟ್ಟು ಉಳಿದ 9,950ನ್ನು ನಾಲ್ಕು ಪಾಲು ಮಾಡಿದರೆ ತಲೆಗೆ 2,488. ಅದಕ್ಕೆ 1,300, ಕೂಲಿ 4,500 ಸೇರಿಸಿದರೆ 8,288. ಬುಷ್ ಎರಡು ವರ್ಷ ಹತ್ತು ತಿಂಗಳು ಬಾಳಿದರೆ ಹಣ ವಾಪಸ್. ನನ್ನ ಸೆಟ್ ಈಗಾಗಲೇ ಆ ಗಡಿ ದಾಟಿದೆ.

‘ಲೈಫ್‌ಟೈಮ್ ವಾರಂಟಿ’ ಎಂದು ಮಾರುವ ಗಟ್ಟಿ ಪಾಲಿಯುರೆಥೇನ್ ಕಿಟ್‌ಗಳ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ವಾರಂಟಿ ಚೀಟಿ ಓದಿ ನೋಡಿ. ಒಡೆದರೆ ಇನ್ನೊಂದು ಬುಷ್ ಕೊಡುತ್ತೇವೆ ಎಂದಿರುತ್ತದೆ. 4,500ರ ಕೂಲಿ ಯಾರು ಕೊಡುತ್ತಾರೆ? ನೀವೇ. ಅಗ್ಗದ ಪಾಲಿಗೆ ಭರವಸೆ, ದುಬಾರಿ ಪಾಲಿಗೆ ಮೌನ. ಮೇಲಾಗಿ 95 ಶೋರ್‌ನ ಗಟ್ಟಿತನ ರೇಸ್ ಟ್ರ್ಯಾಕಿಗೆ ಸರಿ, ನಮ್ಮ ಗುಂಡಿಗಳಿಗಲ್ಲ. ಅಂಥ ಬುಷ್ ಏಟನ್ನು ನುಂಗದೆ ಮೇಲಕ್ಕೆ ದಾಟಿಸುತ್ತದೆ. ಪದ್ಮಿನಿಗೆ ಪ್ರತ್ಯೇಕ ಚಾಸಿ ಇಲ್ಲ, ಏಟು ಹೋಗುವುದು ನೇರ ಬಾಡಿಯ ತಗಡಿಗೆ. ಅಲ್ಲಿ ಬೆಸುಗೆ ಬಿಟ್ಟರೆ ಟಿಂಕರಿಂಗ್ ಬಿಲ್ಲಿನ ಮುಂದೆ ಬುಷ್ ಖರ್ಚು ಏನೂ ಅಲ್ಲ.

ರಬ್ಬರ್ ಸೆಟ್ಟೇ ಸಾಕು ಎನ್ನುವವರು ಮೂರು ಅಭ್ಯಾಸ ಮಾಡಿಕೊಳ್ಳಿ, ಒಂದಕ್ಕೂ ಹೆಚ್ಚು ಖರ್ಚಿಲ್ಲ. ಬೋಲ್ಟ್‌ಗಳ ಕೊನೆಯ ಬಿಗಿತ ಕಾರು ಚಕ್ರದ ಮೇಲೆ ನಿಂತಾಗಲೇ ಆಗಬೇಕು. ಜಾಕ್ ಮೇಲೆ ಬಿಗಿದರೆ ಕಾರು ಇಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಬೇಗ ಹರಿಯುತ್ತದೆ. ಇದನ್ನು ಮೆಕ್ಯಾನಿಕ್‌ಗೆ ಹೇಳಿ, ಮಾಡುವಾಗ ಪಕ್ಕದಲ್ಲೇ ನಿಂತುಕೊಳ್ಳಿ. ಆಕ್ಸಲ್ ಆಯಿಲ್ ಸೋರುತ್ತಿದ್ದರೆ ಮೊದಲು ಸೀಲ್ ಹಾಕಿಸಿ, ಎಣ್ಣೆ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಸ್ಪ್ರಿಂಗ್ ಇಳಿಸಿದ ದಿನ ಶಾಕ್ ಅಬ್ಸಾರ್ಬರ್ ಬುಷ್, ಯು-ಬೋಲ್ಟ್ ಎಲ್ಲವನ್ನೂ ಒಟ್ಟಿಗೆ ಮುಗಿಸಿ. ಬಿಡಿಬಿಡಿಯಾಗಿ ಮಾಡಿಸುವವರು ಒಂದೇ ಕೂಲಿಯನ್ನು ಮೂರು ಸಲ ಕೊಡುತ್ತಾರೆ.

ಇನ್ನೊಂದು ಅಭ್ಯಾಸ ಬಿಡಬೇಕಾದ್ದು. ಮುಂದೆ ಸಿಗದು ಎಂಬ ಭಯದಿಂದ ರಬ್ಬರ್ ಬುಷ್‌ಗಳನ್ನು ಡಬ್ಬಿಗಟ್ಟಲೆ ಕೂಡಿಡುವವರಿದ್ದಾರೆ. ರಬ್ಬರ್ ಕಪಾಟಿನಲ್ಲೂ ಮುದಿಯಾಗುತ್ತದೆ, ಗಟ್ಟಿಯಾಗಿ ಬಿರಿಯುತ್ತದೆ. ಆ ಹಣವನ್ನು ಅಚ್ಚಿಗೆ ಹಾಕಿ, ಅಲ್ಯೂಮಿನಿಯಂ ಹಾಗೆ ಕೆಡದು. ಸ್ಟೀರಿಂಗ್, ಬ್ರೇಕ್ ಭಾಗಗಳಿಗೆ ಮಾತ್ರ ಮನೆ ಎರಕ ಬೇಡ, ಅಲ್ಲಿ ಉಳಿಸುವ ಲೆಕ್ಕವೇ ಬೇಡ. ಉಳಿದದ್ದಕ್ಕೆ ನಿಮ್ಮೂರಿನಲ್ಲಿ ಅದೇ ಕಾರಿನ ಇನ್ನು ಮೂವರನ್ನು ಹುಡುಕಿ, ಹಣ ಕೂಡಿಸಿ, ಒಂದೇ ದಿನ ಎರಕ ಹೊಯ್ಯಿರಿ. ಗಾಳಿ ಒಣಗಿರುವ ಫೆಬ್ರವರಿ, ಮಾರ್ಚ್‌ನಲ್ಲೇ ಮುಗಿಸಿ. ಮಳೆಗಾಲದಲ್ಲಿ ಹೊಯ್ದರೆ ಗುಳ್ಳೆಗೇ ದುಡ್ಡು ಕೊಟ್ಟಂತೆ.