‘ಸಾಹೇಬ್ರು ಹೂಂ ಅಂದಾರ್ರಿ’ ಅಂತ ಪರದೆ ಕಟ್ಟಬೇಡಿ

ಹೋದ ಬೇಸಿಗೆಯಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ಗುಡಿಯ ಗೋಡೆಗೆ ಬಿಳಿ ಧೋತರ ಬಿಗಿದು, ಕಲ್ಲುಪುಡಿಯಿಂದ ಎದೆ ಹಾಳಾದ ಕ್ವಾರಿ ಕೂಲಿಗಳ ಮೇಲಿನ ಸಾಕ್ಷ್ಯಚಿತ್ರ ತೋರಿಸುತ್ತಿದ್ದರು. ಇಪ್ಪತ್ತು ನಿಮಿಷ ಆಗಿರಬೇಕು, ಜೀಪು ಬಂತು. ‘ಮ್ಯಾಲಿಂದ ಫೋನ್ ಬಂದೈತಿ, ಬಂದ್ ಮಾಡ್ರಿ’ ಎಂದವರು ಪ್ರೊಜೆಕ್ಟರ್, ಎರಡು ಸ್ಪೀಕರ್ ಎತ್ತಿಕೊಂಡು ಹೋದರು. ಪ್ರೊಜೆಕ್ಟರ್ ಪೆಂಡಾಲ್ ಅಂಗಡಿಯಿಂದ ದಿನಬಾಡಿಗೆಗೆ ತಂದದ್ದು. ನ್ಯಾಯಾಲಯದಿಂದ ಬಿಡಿಸಿಕೊಳ್ಳುವಷ್ಟರಲ್ಲಿ 19 ದಿನ ಕಳೆದಿದ್ದವು, ಬಾಡಿಗೆ ಬೆಳೆಯುತ್ತಲೇ ಇತ್ತು. ಕಾರ್ಯಕ್ರಮ ಮಾಡಿದ ಸ್ವಸಹಾಯ ಸಂಘದ ಹೆಣ್ಣುಮಗಳು ನನ್ನ ಮುಂದೆ ಕೂತು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: ‘ಸಾಹೇಬ್ರು ಹೂಂ ಅಂದಿದ್ರಿ, ವಕೀಲ್ರ.’

ಈಗ ಮರೋಳ ಕಡೆಯ ಹುಡುಗರು ಬಂದಿದ್ದಾರೆ. ನಾರಾಯಣಪುರದ ಹಿನ್ನೀರೆತ್ತಿ 24,000 ಹೆಕ್ಟೇರಿಗೆ ಹನಿ ನೀರಾವರಿ ಕೊಡುವ ರಾಮಥಾಳ–ಮರೋಳ ಯೋಜನೆ ಅವರ ಹೊಲಗಳದ್ದೇ ಮಾತು. ನೀರಿನ ಮೇಲಿನ ಚಿತ್ರ ತೋರಿಸಿ, ಊರವರನ್ನು ಕೂರಿಸಿ ಮಾತಾಡಿಸಿ, ಆ ಮಾತನ್ನು ಗ್ರಾಮಸಭೆಗೆ ಒಯ್ಯಬೇಕೆಂಬ ಆಸೆ. ಬಹಳ ಒಳ್ಳೆಯ ಆಸೆ. ಅವರು ಕೇಳಿದ್ದು ಇಷ್ಟೇ: ‘ಪುಕ್ಕಟೆ ತೋರಸ್ತೀವ್ರಿ, ಇದಕ್ಕೂ ಪರ್ಮಿಷನ್ ಬೇಕೇನು?’

ಬೇಕು. ಪುಕ್ಕಟೆ ಎಂಬ ಕಾರಣಕ್ಕೆ ಕಾನೂನು ಬಿಡುವುದಿಲ್ಲ.

ಜನ ಹೆಚ್ಚು ಕಳೆದುಕೊಳ್ಳುವುದು ಎಲ್ಲಿ ಎಂಬುದನ್ನು ಮೊದಲು ಹೇಳುತ್ತೇನೆ. ಹಳ್ಳಿಯವರ ಪಾಲಿಗೆ ಸರ್ಕಾರವೆಂದರೆ ಠಾಣೆ. ಠಾಣೆಗೆ ಹೋಗಲು ಅಂಜಿಕೆ, ಅದಕ್ಕೇ ಪರಿಚಯದ ಒಬ್ಬ ಪುಢಾರಿಯನ್ನು ಹಿಡಿಯುತ್ತಾರೆ. ಅವನು ‘ಎಲ್ಲಾ ಮಾತಾಡೀನಿ’ ಎಂದು ಐನೂರೋ ಸಾವಿರವೋ ತೆಗೆದುಕೊಳ್ಳುತ್ತಾನೆ. ಕಾಗದ ಎಲ್ಲೂ ಹುಟ್ಟುವುದಿಲ್ಲ. ಪಿಎಸ್ಐ ನಿಜವಾಗಿಯೂ ಹೂಂ ಅಂದಿದ್ದರೂ ಆ ಹೂಂಗೆ ಬೆಲೆಯಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಕೊಡುವ ಅಧಿಕಾರಿ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು. ತನಗೆ ಅಧಿಕಾರವಿಲ್ಲವೆಂದು ಗೊತ್ತಿದ್ದೂ ‘ಮಾಡ್ಕೊಳ್ರಿ’ ಎಂದು ತಲೆಯಾಡಿಸುವ ಅಧಿಕಾರಿಗಳ ಮೇಲೆ ನನಗೆ ಸಿಟ್ಟಿದೆ. ಮರುದಿನ ಅವರೇ ‘ಪರ್ಮಿಷನ್ ಎಲ್ಲೈತಿ?’ ಎಂದು ಕೇಳುತ್ತಾರೆ.

ಆದ್ದರಿಂದ ಅರ್ಜಿಯನ್ನು ಎರಡು ಪ್ರತಿ ಬರೆಯಿರಿ. ದಿನ, ಹೊತ್ತು, ಜಾಗ, ಚಿತ್ರದ ಹೆಸರು, ಬರುವ ಜನರ ಅಂದಾಜು, ಜವಾಬ್ದಾರರ ಹೆಸರು, ಇಷ್ಟಿದ್ದರೆ ಸಾಕು. ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ಠಸ್ಸೆ, ಸಹಿ, ತಾರೀಖು ಹಾಕಿಸಿಕೊಳ್ಳಿ. ‘ಇಟ್ಟು ಹೋಗ್ರಿ, ನೋಡ್ತೀವಿ’ ಎಂದರೆ ಇಟ್ಟು ಹೋಗಬೇಡಿ. ಠಸ್ಸೆ ಹಾಕಲು ಒಪ್ಪದಿದ್ದರೆ ಸೀದಾ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಒಂದು ಎಚ್ಚರಿಕೆ: ಉತ್ತರ ಬರಲಿಲ್ಲವೆಂದರೆ ಒಪ್ಪಿಗೆ ಸಿಕ್ಕಿತು ಎಂದರ್ಥವಲ್ಲ. ಹಾಗಾಗಿ ತಿಂಗಳೊಪ್ಪತ್ತು ಮೊದಲೇ ಅರ್ಜಿ ಹಾಕಿ. ಸುಮ್ಮನೆ ಕೂತರೆ, ನಮ್ಮ ಅರ್ಜಿ ಏನಾಯಿತು ಎಂದು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ. 30 ದಿನದಲ್ಲಿ ಉತ್ತರಿಸಬೇಕು. ಇಳಕಲ್ ಬೇರೆ ತಾಲ್ಲೂಕಾದ ಮೇಲೆ ಹುನಗುಂದದ ಕಚೇರಿಗೆ ಹೋಗಿ ವಾಪಸ್ ಬಂದವರಿದ್ದಾರೆ. ನಿಮ್ಮೂರು ಯಾವ ತಾಲ್ಲೂಕು, ಯಾವ ಠಾಣೆ ಎಂದು ಗ್ರಾಮ ಪಂಚಾಯಿತಿಯಲ್ಲೇ ಕೇಳಿಕೊಳ್ಳಿ.

ಇದು ಮೈಕಿನ ಮಾತಾಯಿತು. ಚಿತ್ರದ್ದು ಬೇರೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಸಾರ್ವಜನಿಕರಿಗೆ ತೋರಿಸುವ ಚಿತ್ರಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು, ಸಾಕ್ಷ್ಯಚಿತ್ರಕ್ಕೂ ಬೇಕು. 1970ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೆನ್ಸಾರ್ ಪದ್ಧತಿಯನ್ನೇ ಪ್ರಶ್ನಿಸಿದ ಕೆ.ಎ. ಅಬ್ಬಾಸ್ ಅವರ ಪ್ರಕರಣ ಹುಟ್ಟಿದ್ದೇ ಒಂದು ಕಿರು ಸಾಕ್ಷ್ಯಚಿತ್ರದಿಂದ. ಕೋರ್ಟ್ ಸೆನ್ಸಾರನ್ನು ಎತ್ತಿ ಹಿಡಿಯಿತು. ಪ್ರಮಾಣಪತ್ರವಿಲ್ಲದೆ ತೋರಿಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ನಿಮ್ಮ ಮೊಬೈಲಿನಲ್ಲಿ ನೀವೇ ತೆಗೆದ ವಿಡಿಯೋವನ್ನು ಗುಡಿಯ ಮುಂದೆ ಪರದೆಗೆ ಹಾಕಿದರೂ ಕಾಯ್ದೆಯ ಅಕ್ಷರಕ್ಕೆ ಅದು ಚಿತ್ರವೇ. ಮನೆಯೊಳಗೆ ಕರೆದ ಹತ್ತು ಪರಿಚಯಸ್ಥರಿಗೆ ತೋರಿಸುವುದು ಬೇರೆ ಮಾತು. ಡಂಗುರ ಸಾರಿ ಕರೆದಿರೋ, ಅದು ಸಾರ್ವಜನಿಕ. ಇದಲ್ಲದೆ ರಾಜ್ಯದ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಪ್ರದರ್ಶನದ ಜಾಗಕ್ಕೂ ಲೈಸೆನ್ಸ್ ಕೇಳುತ್ತಾರೆ, ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟ್. ಅಂದರೆ ಆ ಅರ್ಜಿ ನವನಗರದ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು. ಅಲ್ಲೂ ಠಸ್ಸೆ ಮರೆಯಬೇಡಿ.

‘ಯೂಟ್ಯೂಬಿನ್ಯಾಗ ಐತಲ್ರಿ’ ಎಂದು ಹುಡುಗರು ಹೇಳಿದರು. ಯೂಟ್ಯೂಬಿನ ಷರತ್ತಿನಲ್ಲೇ ಸಾರ್ವಜನಿಕವಾಗಿ ತೋರಿಸಬಾರದೆಂದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಣ ಕೊಡದ ಪ್ರೇಕ್ಷಕರ ಮುಂದೆ ಹವ್ಯಾಸಿ ತಂಡ ನಾಟಕ ಆಡಲು ರಿಯಾಯಿತಿ ಇದೆ, ಅದು ಚಿತ್ರಕ್ಕೆ ಅನ್ವಯಿಸುವುದಿಲ್ಲ. ಶಾಲೆಗೆ ಒಂದು ವಿನಾಯಿತಿ ಉಂಟು: ಪ್ರೇಕ್ಷಕರು ಅಲ್ಲಿನ ಶಿಕ್ಷಕರು, ಮಕ್ಕಳು, ಪಾಲಕರಷ್ಟೇ ಆಗಿದ್ದರೆ ಕೃತಿಸ್ವಾಮ್ಯದ ತೊಡಕಿಲ್ಲ. ಊರನ್ನೆಲ್ಲ ಕರೆದರೆ ಆ ವಿನಾಯಿತಿ ಹೋಯಿತು. ನಿರ್ದೇಶಕರಿಗೆ ಬರೆದು ಕೇಳಿ, ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆಯಿರಿ, ಸೆನ್ಸಾರ್ ಪ್ರಮಾಣಪತ್ರದ ನಕಲನ್ನೂ ಅದೇ ಪತ್ರದಲ್ಲಿ ಕೇಳಿ. ಸಾಕ್ಷ್ಯಚಿತ್ರ ಮಾಡುವವರಿಗೆ ಹಳ್ಳಿಯ ಜನ ನೋಡಲಿ ಎಂಬ ಹಂಬಲ ಇದ್ದೇ ಇರುತ್ತದೆ.

ಎಲ್ಲ ಕಾಗದ ಇದ್ದರೂ ತಡೆಯುವವರು ಬರಬಹುದು. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಆನಂದ್ ಪಟವರ್ಧನರ ‘ರಾಮ್ ಕೇ ನಾಮ್’ ಪ್ರದರ್ಶನ ನಿಲ್ಲಿಸಿ ಸಂಘಟಕರನ್ನು ಬಂಧಿಸಿದರು; ಅದು ಸೆನ್ಸಾರ್ ಆದ ಚಿತ್ರ. ಹಾಗೆಂದು ಕೈಚೆಲ್ಲಬೇಡಿ. ಗಲಾಟೆಯ ಬೆದರಿಕೆಗೆ ಹೆದರಿ ಸೆನ್ಸಾರ್ ಆದ ಚಿತ್ರವನ್ನು ತಡೆಯುವಂತಿಲ್ಲ, ರಕ್ಷಣೆ ಕೊಡುವುದು ಸರ್ಕಾರದ ಕೆಲಸ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ರಂಗರಾಜನ್ ಪ್ರಕರಣದಲ್ಲಿ ಹೇಳಿದೆ. ಪಶ್ಚಿಮ ಬಂಗಾಳದಲ್ಲಿ ಲಿಖಿತ ಆದೇಶವಿಲ್ಲದೆ ಒಂದು ಬಂಗಾಳಿ ಚಿತ್ರವನ್ನು ಚಿತ್ರಮಂದಿರಗಳಿಂದ ಇಳಿಸಿದ್ದಕ್ಕೆ 2019ರಲ್ಲಿ ಅದೇ ಕೋರ್ಟ್ 20 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಜೀಪು ಬಂದರೆ ವಾದಕ್ಕಿಳಿಯದೆ ಕೇಳಬೇಕಾದ್ದು ಇದು: ‘ಆದೇಶದ ಪ್ರತಿ ಕೊಡ್ರಿ.’ ನಿಷೇಧಾಜ್ಞೆ ಹೊರಡಿಸಿದ್ದರೆ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163ರಡಿ (ಹಳೆಯ 144) ಲಿಖಿತವಾಗಿಯೇ ಇರುತ್ತದೆ. ಆಜ್ಞೆ ಇದೆಯೆಂದಾದರೆ ಆ ಹೊತ್ತಿಗೆ ನಿಲ್ಲಿಸಿಬಿಡಿ. ಅದು ತಪ್ಪೆಂದು ಧಾರವಾಡದ ಹೈಕೋರ್ಟ್ ಪೀಠದ ಮುಂದೆ ವಾದಿಸಬಹುದು.

ಸಾಮಾನು ಒಯ್ದರೆ ಜಪ್ತಿ ಪಟ್ಟಿ ಕೇಳಿ. ಹೊಸ ಸಂಹಿತೆಯ ಕಲಂ 105ರ ಪ್ರಕಾರ ಜಪ್ತಿಯನ್ನು ವಿಡಿಯೋ ಮಾಡಬೇಕಾದ್ದು ಅವರ ಕರ್ತವ್ಯ. ಪಟ್ಟಿ ಕೈಯಲ್ಲಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಬಿಡುಗಡೆಯ ಅರ್ಜಿ ಬೇಗ ಸಾಗುತ್ತದೆ. ಆ ಹೆಣ್ಣುಮಗಳ ಬಳಿ ಪಟ್ಟಿ ಇರಲಿಲ್ಲ. ಪ್ರೊಜೆಕ್ಟರ್ ಠಾಣೆಯಲ್ಲಿದೆ ಎಂದು ಸಾಬೀತು ಮಾಡುವುದಕ್ಕೇ ನಮಗೆ ವಾರ ಹಿಡಿಯಿತು.

ವಕೀಲರ ಫೀಸಿಗೆ ಅಂಜಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಕೇಳದೆ ವಕೀಲರನ್ನು ಕೊಡುತ್ತಾರೆ, ಫೋನ್ 15100. ಮರೋಳ ಕಡೆಯ ಹುಡುಗರಿಗೆ ನಾನು ಇನ್ನೊಂದು ಹೇಳಿ ಕಳಿಸಿದೆ: ಗುಡಿಯ ಬಯಲು ಬಿಟ್ಟು ಪಂಚಾಯಿತಿಯ ಸಮುದಾಯ ಭವನ ಕೇಳಿ, ಬಾಡಿಗೆ ರಸೀದಿ ಪಡೆಯಿರಿ. ಬಯಲಿನಲ್ಲಿ ರಾತ್ರಿ 10ಕ್ಕೆ ಮೈಕ್ ಬಂದ್ ಆಗಲೇಬೇಕು, ಬಾಗಿಲು ಮುಚ್ಚಿದ ಭವನದೊಳಗೆ ಆ ಕಟ್ಟು ಇಲ್ಲ. ಚಿತ್ರ ಒಂಬತ್ತೂವರೆಗೆ ಮುಗಿದರೂ ನೀರಿನ ಮಾತು ಅಷ್ಟು ಬೇಗ ಮುಗಿಯುವಂಥದಲ್ಲ.