ಮನೆಯ ಕಸ, ಮನೆಯ ನೀರು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾಳಿಗೆಯ ಮೇಲೆ ಗಡಿಗೆಯಲ್ಲಿ ಅಡುಗೆಮನೆ ಕಸದ ಗೊಬ್ಬರ ಮಾಡುತ್ತಿದ್ದೇನೆ. ಮಳೆಗಾಲದಲ್ಲಿ ನಾರುತ್ತದೆ, ಬೇಸಿಗೆಯಲ್ಲಿ ಒಣಗಿ ಹಾಗೇ ಉಳಿಯುತ್ತದೆ. ಏನು ಮಾಡಲಿ?
– ಗೃಹಿಣಿ, ಉಮರ್ಗಾ

ಉತ್ತರ: ಎರಡಕ್ಕೂ ಕಾರಣ ತೇವದ ಏರುಪೇರು. ತೇವ ಹೆಚ್ಚಾದರೆ ಗಾಳಿಯಾಡದೆ ನಾರುತ್ತದೆ. ತೀರ ಒಣಗಿದರೆ ಕಸವನ್ನು ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸುತ್ತವೆ. ಒಂದು ಬಟ್ಟಲು ಹಸಿ ಕಸಕ್ಕೆ ಎರಡು ಬಟ್ಟಲು ಒಣ ಎಲೆ ಇಲ್ಲವೆ ಸೋಯಾಬೀನ್ ಹೊಟ್ಟು ಹಾಕಿ. ರಾಶಿ ಮುಗಿದಾಗ ಒಂದು ಚೀಲ ಹೊಟ್ಟು ತುಂಬಿಟ್ಟುಕೊಂಡರೆ ಬಹಳ ದಿನ ಬರುತ್ತದೆ. ಗಡಿಗೆಗೆ ತೂತುಗಳಿರಲಿ, ವಾರಕ್ಕೊಮ್ಮೆ ತಿರುವಿ ಹಾಕಿ. ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಬೇಸಿಗೆಯಲ್ಲಿ ನೆರಳಿಗೆ ಸರಿಸಿ, ಹಸಿ ಗೋಣಿತಟ್ಟು ಹೊದಿಸಿ, ಅಕ್ಕಿ–ಬೇಳೆ ತೊಳೆದ ನೀರು ಚಿಮುಕಿಸಿ. ಎರಡು-ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ.

ಪ್ರಶ್ನೆ: ನಮ್ಮತ್ತೆ ಒಲೆ ಹೊತ್ತಿಸಲು ಹಾಲಿನ ಪಾಕೀಟು, ಕ್ಯಾರಿಬ್ಯಾಗ್ ಬಳಸುತ್ತಾರೆ. ಹೇಗೆ ತಿಳಿಹೇಳಲಿ?
– ಸೊಸೆ, ನಿಲಂಗಾ

ಉತ್ತರ: ಆ ಹೊಗೆ ಮೊದಲು ಸೇರುವುದು ಒಲೆಯ ಮುಂದೆ ಕೂತವರ ಎದೆಗೇ ಎಂದು ಪ್ರೀತಿಯಿಂದ ಹೇಳಿ. ಒಲೆಯ ಪಕ್ಕ ಸಣ್ಣ ತೊಗರಿ ಕಡ್ಡಿಗಳ ಕಟ್ಟು ಇಟ್ಟುಬಿಡಿ. ಕೈಗೆ ಸಿಕ್ಕಿದ್ದನ್ನೇ ಯಾರಾದರೂ ಬಳಸುತ್ತಾರೆ. ಹಾಲಿನ ಪಾಕೀಟು ತೊಳೆದು ಒಣಗಿಸಿ ಗುಜರಿಯವರಿಗೆ ಕೊಡಿ, ಉಳಿದ ಒಣ ಕಸ ಬೇರೆಯಾಗಿಯೇ ಘಂಟಾಗಾಡಿಗೆ ಹೋಗಲಿ. ಮಹಾರಾಷ್ಟ್ರದಲ್ಲಿ 2018ರಿಂದಲೇ ಕ್ಯಾರಿಬ್ಯಾಗಿಗೆ ನಿಷೇಧವಿದೆ. ಅತ್ತೆಯವರಿಗೆ ಕೌದಿ ಹೊಲಿಯಲು ಬರುತ್ತಿದ್ದರೆ, ಹಳೆ ಸೀರೆಯಲ್ಲಿ ಸಂತೆಯ ಚೀಲಗಳನ್ನು ಹೊಲಿದುಕೊಡಿ ಎಂದು ಕೇಳಿ. ಉಪದೇಶ ಕೇಳದ ಹಿರಿಯರೂ ಕೆಲಸ ಕೇಳಿದರೆ ಸಂತೋಷದಿಂದ ಮಾಡುತ್ತಾರೆ.

ಪ್ರಶ್ನೆ: ಬೋರಿನ ನೀರು ಗಡಸು. ಆರ್‌ಒ ಯಂತ್ರದಿಂದ ಒಂದು ಕೊಡ ನೀರು ಸಿಗುವಷ್ಟರಲ್ಲಿ ಎರಡು ಕೊಡ ಮೋರಿಗೆ ಹೋಗುತ್ತದೆ. ಅದನ್ನು ಗಿಡಕ್ಕೆ ಹಾಕಬಹುದೆ?
– ಶಿಕ್ಷಕ, ಉದಗೀರ

ಉತ್ತರ: ದಿನಾ ಹಾಕಬೇಡಿ. ಅದರಲ್ಲಿ ಉಪ್ಪಿನಂಶ ಹೆಚ್ಚು. ನೀರು ಸರಾಗವಾಗಿ ಬಸಿಯದ ನಿಮ್ಮ ಎರೆಮಣ್ಣಿನಲ್ಲಿ ಅದು ಕೂಡಿಕೊಳ್ಳುತ್ತದೆ. ಕೊಳವೆಯ ಕೆಳಗೆ ಬಕೀಟು ಇಟ್ಟು ಆ ನೀರನ್ನು ಶೌಚಾಲಯಕ್ಕೆ, ನೆಲ ಒರೆಸಲು ಬಳಸಿ. ಗಿಡಕ್ಕೆ ತರಕಾರಿ ತೊಳೆದ ನೀರು ಒಳ್ಳೆಯದು. 2016ರ ಏಪ್ರಿಲ್‌ನಲ್ಲಿ ನಿಮ್ಮ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಬಂದಿತ್ತು. ಅಂಥ ಜಿಲ್ಲೆಯಲ್ಲಿ ಮೋರಿಗೆ ಹೋಗುವ ಪ್ರತಿ ಕೊಡವೂ ನಷ್ಟವೇ. ಅದಕ್ಕೇ ಮೊದಲು ನೀರಿನ ಪರೀಕ್ಷೆ ಮಾಡಿಸಿ. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದು, ಫ್ಲೋರೈಡ್, ನೈಟ್ರೇಟ್‌ನಂಥವೂ ಮಿತಿಯಲ್ಲಿದ್ದರೆ ಆರ್‌ಒ ಬೇಕಿಲ್ಲ. ಕುದಿಸಿ ಆರಿಸಿದ ನೀರು ಸಾಕು.